ಹಿಡಿಯದೆಯೂ ಬರುವ ಪಾಯಿಂಟು: ಮೂರನೇ ರೈಡಿನ ಲೆಕ್ಕ ಕೇಳುವವರಿಗೆ ಉತ್ತರ

“ಮಂಗಳವೇಢೆ ಕಡೆಯ ಹುಡುಗರಿಗೆ ರೈಡ್ ಮಾಡಲಿಕ್ಕೆ ಬರುತ್ತದೆ, ಹಿಡಿಯಲಿಕ್ಕೆ ಬರುವುದಿಲ್ಲ.” ಸೊಲ್ಲಾಪುರ ಜಿಲ್ಲೆಯ ಅಂತರ ಕಾಲೇಜು ಕಬಡ್ಡಿ ಮುಗಿದ ಮೇಲೆ ಈ ಮಾತು ಕಿವಿಗೆ ಬೀಳದ ವರ್ಷವಿಲ್ಲ. ಹೇಳುವವರು ಆಟ ಗೊತ್ತಿಲ್ಲದವರಲ್ಲ. ಒಂದು ಕಾಲಕ್ಕೆ ಸ್ವತಃ ಲಂಗೋಟಿ ಬಿಗಿದು ಆಡಿದವರು, ಈಗ ತಂಡ ಕಟ್ಟುವವರು, ಆಯ್ಕೆಯ ದಿನ ಮೇಜಿನ ಹಿಂದೆ ಕೂರುವವರು ಅವರಲ್ಲಿದ್ದಾರೆ. ಅವರ ಮಾತಿಗೆ ತೂಕವಿದೆ, ಅದರಿಂದ ಕೆಲವು ಹುಡುಗರು ವಿಶ್ವವಿದ್ಯಾಲಯದ ತಂಡದಿಂದ ಹೊರಗುಳಿಯುತ್ತಾರೆ. ಆದ್ದರಿಂದಲೇ ಉತ್ತರ ಕೊಡಬೇಕಾಗಿದೆ.

ಅವರು ಮುಂದಿಡುವ ದೊಡ್ಡ ಸಾಕ್ಷಿ ಮೂರನೇ ರೈಡ್. “ಎದುರಾಳಿ ತಾನಾಗಿಯೇ ಬಾಗಿಲಿಗೆ ಬಂದಾಗ ಹಿಡಿಯಲಾರದವರು ಇನ್ನು ಯಾವಾಗ ಹಿಡಿದಾರು?” ಎಂದು ಕೇಳುತ್ತಾರೆ. ಟಿವಿಯಲ್ಲಷ್ಟೇ ಕಬಡ್ಡಿ ನೋಡುವವರಿಗಾಗಿ ನಿಯಮವನ್ನು ಒಮ್ಮೆ ಹೇಳಿಬಿಡುತ್ತೇನೆ. ಒಂದು ತಂಡದ ಎರಡು ರೈಡ್ ಒಂದರ ಬೆನ್ನಿಗೊಂದು ಖಾಲಿ ಹೋದರೆ ಮೂರನೆಯದು ಡು ಆರ್ ಡೈ. ಆ ರೈಡರ್ 30 ಸೆಕೆಂಡಿನೊಳಗೆ ಒಂದಾದರೂ ಪಾಯಿಂಟು ತರಲೇಬೇಕು. ಬರಿಗೈಲಿ ವಾಪಸು ಬಂದರೂ ಅವನು ಔಟು, ಸಮಯ ಮುಗಿದರೂ ಔಟು, ಹಿಡಿಸಿಕೊಂಡರೂ ಔಟು. ಈ ಮೂರರಲ್ಲಿ ಯಾವುದಾದರೂ ಡಿಫೆನ್ಸಿಗೆ ಪಾಯಿಂಟು ಬಂತು.

ಹಿಡಿಯುವುದು ಆ ಮೂರರಲ್ಲಿ ಒಂದು ದಾರಿ ಮಾತ್ರ. ಇಷ್ಟನ್ನು ಒಪ್ಪಿದರೆ ಅರ್ಧ ಜಗಳ ಮುಗಿಯಿತು. ಆದರೆ ಟೀಕೆ ಮಾಡುವವರು ಎಣಿಸುವುದು ಆ ಒಂದನ್ನೇ.

ಮೊದಲು ಅವರ ಮೊದಲ ಆರೋಪ: ಟ್ಯಾಕಲ್ ಸಂಖ್ಯೆ ಕಡಿಮೆ, ಆದ್ದರಿಂದ ಡಿಫೆನ್ಸ್ ದುರ್ಬಲ.

ನಾನು ಅಂಕಣದ ಪಕ್ಕ ನಿಂತು ನೋಡಿದ ಒಂದು ರೈಡ್ ಹೇಳುತ್ತೇನೆ. ನಮ್ಮವರು ಅಂಕಣದಲ್ಲಿ ಐದು ಜನ. ಐದು ಜನ ಎಂದರೆ ಯಾರನ್ನೂ ಮುಟ್ಟದೆ ಸಿಗುವ ಬೋನಸ್ ಪಾಯಿಂಟು ಇಲ್ಲ, ಆರು ಅಥವಾ ಏಳು ಜನರಿದ್ದಾಗ ಮಾತ್ರ ಬೋನಸ್. ಹಾಗಾಗಿ ರೈಡರ್ ಯಾರನ್ನಾದರೂ ಮುಟ್ಟಲೇಬೇಕು. ಅವನು ಮೊದಲ ಹತ್ತು ಸೆಕೆಂಡು ನಡುಗೆರೆಯ ಹತ್ತಿರವೇ ಓಡಾಡಿದ, ಉಸಿರು ಉಳಿಸಿಕೊಂಡ. ಆಮೇಲೆ ಬಾಲ್ಕ್ ಲೈನ್ ದಾಟಿ ಎಡ ಮೂಲೆಗೆ ನುಗ್ಗಿದ. ಕಾರ್ನರ್ ಹುಡುಗ ಹಿಂಗಾಲಲ್ಲಿ ಕೊನೆಯ ಗೆರೆಯವರೆಗೆ ಸರಿದ. ಅವನ ಕೈ ಹಿಡಿದಿದ್ದ ಇನ್ ಆಟಗಾರ ಅವನ ಜತೆಗೇ ಸರಿದ, ಕೈ ಬಿಡಲಿಲ್ಲ. ನಡುವಿನ ಇಬ್ಬರು ಕವರ್‌ಗಳು ಹಿಂದೆ ಹೋಗುವ ಬದಲು ಓರೆಯಾಗಿ ಮುಂದೆ ಬಂದು ರೈಡರಿನ ವಾಪಸು ದಾರಿಗೆ ಅಡ್ಡ ನಿಂತರು. ರೈಡರಿಗೆ ಇದು ಕಂಡಿತು. ಮೂಲೆಯನ್ನು ಬಿಟ್ಟು ಸರಕ್ಕನೆ ಹೊರಳಿ ಹತ್ತಿರದ ಕವರಿನ ಎದೆಗೆ ಕೈ ಬೀಸಿದ. ಆ ಹುಡುಗ ಎದೆಯನ್ನು ಒಂದು ಗೇಣು ಹಿಂದೆ ಎಳೆದುಕೊಂಡ, ಪಾದ ಮಾತ್ರ ಕದಲಿಸಲಿಲ್ಲ. ಕದಲಿಸಿದ್ದರೆ ದಾರಿ ತೆರೆಯುತ್ತಿತ್ತು. ಎರಡನೇ ಸಲ ಕೈ ಬೀಸುವಷ್ಟರಲ್ಲಿ ಸಮಯ ಮುಗಿಯಿತು. ಸೀಟಿ ಊದಿದರು, ರೈಡರ್ ಔಟು.

ಅಂಕಣದ ಹೊರಗಿಂದ ಒಬ್ಬರು ಕೂಗಿದರು: “ಏ, ಹಿಡೀರಿ ಲೇ, ನೋಡ್ಕೋತ ನಿಂತೀರಿ!”

ಪಾಯಿಂಟು ಬಂದಿದೆ, ಔಟಾಗಿ ಹೊರಗಿದ್ದ ಒಬ್ಬ ಹುಡುಗ ಒಳಗೆ ಬಂದಿದ್ದಾನೆ, ಆದರೂ ಹಿಡಿಯಲಿಲ್ಲವೆಂಬ ದೂರು. ಟ್ಯಾಕಲ್ ಲೆಕ್ಕದಲ್ಲಿ ಆ 30 ಸೆಕೆಂಡಿಗೆ ಯಾರ ಹೆಸರೂ ಇಲ್ಲ. ಯಾರೂ ಹಿಡಿಯಲಿಲ್ಲ, ಆದ್ದರಿಂದ ಯಾರೂ ಏನೂ ಮಾಡಲಿಲ್ಲ ಎಂಬ ಲೆಕ್ಕ ಅದು. ಆದರೆ ಐವರೂ ತಮ್ಮ ತಮ್ಮ ಜಾಗದಲ್ಲಿ ಸರಿಯಾದದ್ದನ್ನೇ ಮಾಡಿದ್ದರು. ಆ ಹೊತ್ತಿಗೆ ಕಾರ್ನರ್ ಆಸೆಗೆ ಬಿದ್ದು ಕಾಲಿಗೆ ಹಾರಿದ್ದರೆ ನೋಡಲು ಚೆಂದವಿರುತ್ತಿತ್ತು. ತಪ್ಪಿದ್ದರೆ ಎದುರಿಗೆ ಪಾಯಿಂಟು, ರೈಡರಿಗೆ ಬಿಡುಗಡೆ. ಗಡಿಯಾರ ನಿಮ್ಮ ಪರ ಓಡುತ್ತಿರುವಾಗ ಎದುರಾಳಿಗೆ ಅವಕಾಶ ಕೊಡುವ ಹುಡುಗನನ್ನು ಧೈರ್ಯಶಾಲಿ ಎಂದು ಹೊಗಳಬಾರದು.

ಆ ರೈಡ್ ಮೂರನೆಯದಾದದ್ದು ಹೇಗೆ ಎಂಬುದನ್ನೂ ಕೇಳಬೇಕು. ಹಿಂದಿನ ಎರಡು ರೈಡ್ ಖಾಲಿ ಹೋಗಿದ್ದರಿಂದ. ಅವುಗಳಲ್ಲಿ ಎಷ್ಟೋ ಬಾರಿ ಇದೇ ಡಿಫೆನ್ಸ್ ರೈಡರಿಗೆ ಜಾಗ ಕೊಟ್ಟಿರುವುದಿಲ್ಲ. ಆದರೆ ಮುಂದಿರುವ ತಂಡ ಬೇಕೆಂದೇ ಸಮಯ ಕಳೆಯಲು ಖಾಲಿ ರೈಡ್ ಮಾಡುವುದೂ ಉಂಟು, ಅದನ್ನು ಡಿಫೆನ್ಸಿನ ಗೆಲುವೆಂದು ಬರೆಯಲು ಬರುವುದಿಲ್ಲ. ಹಾಗಾಗಿಯೇ ಸ್ಕೋರು ಎಷ್ಟಿತ್ತು, ಎಷ್ಟು ನಿಮಿಷ ಉಳಿದಿತ್ತು ಎಂಬುದನ್ನು ಪಕ್ಕದಲ್ಲಿ ಬರೆಯದೆ ಬರೀ ಟ್ಯಾಕಲ್ ಎಣಿಸಿದರೆ ಯಾರಿಗೂ ನ್ಯಾಯವಾಗುವುದಿಲ್ಲ.

ಎರಡನೆಯ ಮಾತು ಮೊದಲನೆಯದರ ತಮ್ಮ. “ಹಿಡಿದವನು ಕಾರ್ನರ್, ಕವರ್‌ಗಳು ಬಂದು ಮೇಲೆ ಬಿದ್ದರು ಅಷ್ಟೇ” ಎನ್ನುತ್ತಾರೆ. ಇದು ನಮ್ಮ ಜಿಲ್ಲೆಯ ತಪ್ಪು ಮಾತ್ರವಲ್ಲ, ದೊಡ್ಡ ಲೀಗಿನ ಲೆಕ್ಕವೂ ಇದೇ ದಾರಿ ಹಿಡಿದಿದೆ. ಪ್ರೊ ಕಬಡ್ಡಿಯಲ್ಲಿ ಟ್ಯಾಕಲ್ ಪಾಯಿಂಟು ಒಬ್ಬನ ಹೆಸರಿಗೆ ಬೀಳುತ್ತದೆ. ಆ ಪಟ್ಟಿಯ ತುದಿಯಲ್ಲಿರುವ ಇರಾನಿನ ಫಜಲ್ ಅತ್ರಾಚಲಿ ಲೆಫ್ಟ್ ಕಾರ್ನರ್. ಒಂದೇ ಸೀಸನ್‌ನಲ್ಲಿ 100 ಟ್ಯಾಕಲ್ ಪಾಯಿಂಟು ಮುಟ್ಟಿದ ಮೊದಲಿಗ ನಿತೇಶ್ ಕುಮಾರ್ ಕೂಡ ಕಾರ್ನರೇ. ಇಬ್ಬರೂ ಅಸಾಮಾನ್ಯ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ನರ್ ಹಿಡಿಯುವುದು ಸಾಮಾನ್ಯವಾಗಿ ಕಣಕಾಲನ್ನು ಅಥವಾ ತೊಡೆಯನ್ನು. ಹಿಡಿತ ಸಿಕ್ಕ ಕೂಡಲೇ ರೈಡರ್ ನಡುಗೆರೆಯತ್ತ ಮೈ ಚಾಚುತ್ತಾನೆ. ಬಾಲ್ಕ್ ಲೈನಿನಿಂದ ನಡುಗೆರೆಗೆ 3.75 ಮೀಟರ್. ಗಟ್ಟಿಮುಟ್ಟಾದ ರೈಡರ್ ಕಾಲಿಗೆ ಒಬ್ಬನನ್ನು ಕಟ್ಟಿಕೊಂಡೇ ಅಷ್ಟು ದೂರ ಎಳೆದುಕೊಂಡು ಹೋಗಬಲ್ಲ. ಅವನನ್ನು ನಿಲ್ಲಿಸುವುದು ಪಕ್ಕದಿಂದ ಬಂದು ಸೊಂಟಕ್ಕೆ ಅಥವಾ ಎದೆಗೆ ಅಡ್ಡ ಬೀಳುವ ಕವರ್. ಅವನು ಅರ್ಧ ಸೆಕೆಂಡು ತಡಮಾಡಿದರೆ ಗೆರೆ ಮುಟ್ಟಿದ ರೈಡರಿಗೆ ಪಾಯಿಂಟು. ಆಗ ಪಟ್ಟಿಯಲ್ಲಿ ಕಾರ್ನರಿನ ಹೆಸರಿನ ಮುಂದೆ ‘ವಿಫಲ’ ಎಂದು ಬರೆಯುತ್ತಾರೆ. ಕವರಿಗೆ ಗೆದ್ದಾಗಲೂ ಹೆಸರಿಲ್ಲ, ಸೋತಾಗಲೂ ಹೆಸರಿಲ್ಲ. ಹೀಗೆ ಬರೆದ ಪಟ್ಟಿ ಹಿಡಿದುಕೊಂಡು ಕವರ್ ಆಟಗಾರನನ್ನು ಆರಿಸುವುದು ಹೇಗೆ?

ಮಾಲದಂಡಿ ಜೋಳ ಬಿತ್ತುವ ನಮ್ಮ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂರಿಗೆಯ ಒಂದು ಕಾಲು ಮೇಲೆದ್ದರೆ ಆ ಸಾಲು ಖಾಲಿ. ಬಿತ್ತನೆ ಹೇಗಾಯಿತು ಎಂದು ನೋಡುವವರು ಹೊಲವನ್ನು ನೋಡುತ್ತಾರೆ, ಯಾವ ಕಾಲಿನಿಂದ ಎಷ್ಟು ಕಾಳು ಬಿತ್ತೆಂದು ಎಣಿಸುವುದಿಲ್ಲ.

“ಹಾಗಾದರೆ ಸಾಲಿನಲ್ಲಿ ನಿಂತವರನ್ನೆಲ್ಲ ಒಟ್ಟಿಗೆ ಅಳೆಯುವುದೇ? ಅಂಥ ಪದ್ಧತಿ ಎಲ್ಲಿದೆ?” ಎಂದು ಒಬ್ಬ ಹಿರಿಯರು ಕೇಳಿದ್ದುಂಟು. ಇದೆ. ಅಮೆರಿಕದ ಫುಟ್‌ಬಾಲ್ ನಮ್ಮ ಆಟದಿಂದ ಬಲು ದೂರ, ಆದರೆ ಅಲ್ಲೂ ಚೆಂಡಿನ ಮುಂದೆ ಐದು ಜನರ ಒಂದು ಸಾಲಿರುತ್ತದೆ. ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಿಕೊಡುವುದು ಆ ಐವರ ಕೆಲಸ. ಅವರು ಓಡುವುದಿಲ್ಲ, ಅಂಕ ಗಳಿಸುವುದಿಲ್ಲ, ಆದ್ದರಿಂದ ಗಜಗಳ ಲೆಕ್ಕದಲ್ಲಿ ಅವರ ಹೆಸರು ಬರುವುದಿಲ್ಲ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ದಾಟಬೇಕೆಂಬುದು ಅಲ್ಲಿಯ ನಿಯಮ. ಮೂರನೇ ಅಥವಾ ನಾಲ್ಕನೇ ಯತ್ನಕ್ಕೆ ಇನ್ನು ಒಂದೆರಡು ಗಜವಷ್ಟೇ ಉಳಿದಾಗ, ಇಡೀ ಮೈದಾನಕ್ಕೆ ಏನಾಗಲಿದೆಯೆಂದು ಗೊತ್ತಿರುವಾಗ, ಆ ಸಾಲು ದಾರಿ ಮಾಡಿಕೊಟ್ಟಿತೋ ಇಲ್ಲವೋ ಎಂಬುದನ್ನು ಬೇರೆಯೇ ಎಣಿಸುತ್ತಾರೆ. ಸಾಲಿಗೆ ಒಟ್ಟಾಗಿ ಒಂದೇ ಶೇಕಡಾವಾರು. ಎಷ್ಟು ಗಜ ಓಡಿದರು ಎಂಬುದು ಅಲ್ಲಿ ಮುಖ್ಯವಲ್ಲ, ಬೇಕಾದಷ್ಟು ಸಿಕ್ಕಿತೇ ಎಂಬುದೇ ಮುಖ್ಯ. ಮೂರನೇ ರೈಡಿಗೂ ಇದೇ ಪ್ರಶ್ನೆ ಸಾಕು. ರೈಡರಿಗೆ ಒಂದು ಪಾಯಿಂಟು ಬೇಕಿತ್ತು. ಸಿಕ್ಕಿತೇ, ಇಲ್ಲವೇ?

ಇನ್ನು ಸೂಪರ್ ಟ್ಯಾಕಲ್. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದರೆ ಒಂದು ಪಾಯಿಂಟು ಹೆಚ್ಚು, ಅಂದರೆ ಒಟ್ಟು ಎರಡು. ಇಲ್ಲಿ ಬರುವ ಆಕ್ಷೇಪ: “ಹತ್ತು ಸಲ ಯತ್ನಿಸಿ ನಾಲ್ಕೇ ಸಲ ಹಿಡಿಯುತ್ತಾರೆ. ಆರು ಸಲ ಕೈಯಾರೆ ಪಾಯಿಂಟು ಕೊಡುತ್ತಾರೆ. ಇದೆಂಥ ಡಿಫೆನ್ಸ್?”

ಹತ್ತಕ್ಕೆ ನಾಲ್ಕು ಎಂಬ ಅವರ ಲೆಕ್ಕವನ್ನೇ ಹಿಡಿಯೋಣ. ಏಳು ಜನರಿದ್ದಾಗ ಹತ್ತರಲ್ಲಿ ನಾಲ್ಕು ಹಿಡಿದರೆ ನಮಗೆ ನಾಲ್ಕು ಪಾಯಿಂಟು, ಅವರಿಗೆ ಕನಿಷ್ಠ ಆರು. ನಷ್ಟ. ಮೂವರಿದ್ದಾಗ ಹತ್ತರಲ್ಲಿ ನಾಲ್ಕು ಹಿಡಿದರೆ ನಮಗೆ ಎಂಟು. ಅದೇ ಶೇಕಡಾ 40 ಒಂದು ಕಡೆ ಸೋಲು, ಇನ್ನೊಂದು ಕಡೆ ಗೆಲುವಿನ ಹತ್ತಿರದ ಮಾತು. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಕೂಡಿಸಿ ಸರಾಸರಿ ತೆಗೆಯುವವರು ಅಂಕಣದ ಅಳತೆಯನ್ನೂ ಮರೆಯುತ್ತಾರೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ಬದಿಯ ಒಂದೊಂದು ಮೀಟರ್ ಲಾಬಿ ಕಳೆದರೆ ಮುಟ್ಟುವ ಮೊದಲು ಆಡುವ ಅಗಲ 8 ಮೀಟರ್. ಏಳು ಜನರಿದ್ದರೆ ಒಬ್ಬೊಬ್ಬನ ಪಾಲಿಗೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಮೂವರಿದ್ದರೆ ಎರಡೂವರೆ ಮೀಟರಿಗೂ ಮಿಕ್ಕಿ. ಅಷ್ಟು ಜಾಗ ಕಾಯುವ ಮೂವರನ್ನು ಏಳು ಜನರ ಅಳತೆಗೋಲಿನಲ್ಲಿ ಅಳೆಯುವುದು ತಪ್ಪು.

ಅಷ್ಟೇ ಅಲ್ಲ, ಆ ಮೂವರೂ ಔಟಾದರೆ ಲೋನಾ, ಎದುರಿಗೆ ಇನ್ನೆರಡು ಪಾಯಿಂಟು. ಹಾಗಾಗಿ ಕಡಿಮೆ ಜನರಿದ್ದಾಗಿನ ಮೂರನೇ ರೈಡ್ ಆಟದ ಅತಿ ದುಬಾರಿ 30 ಸೆಕೆಂಡು. ಅಲ್ಲಿ ಕಾಯುವುದೋ ನುಗ್ಗುವುದೋ ಎಂಬ ನಿರ್ಧಾರವನ್ನು ನೋಡಿ ಆಟಗಾರನನ್ನು ತೂಗಿರಿ. ಫಲ ಒಮ್ಮೊಮ್ಮೆ ಕೈಕೊಡುತ್ತದೆ, ಸರಿಯಾದ ನಿರ್ಧಾರವೂ ಸೋಲುತ್ತದೆ.

“ದಪ್ಪ ಹುಡುಗರನ್ನು ತನ್ನಿ, ಎಲ್ಲ ಸರಿಹೋಗುತ್ತದೆ” ಎನ್ನುವವರಿಗೆ ಉದ್ದದ ಉತ್ತರ ಬೇಡ. ಹಿರಿಯ ಪುರುಷರ ಕಬಡ್ಡಿಗೆ ತೂಕದ ಮಿತಿ ಇದೆ, 85 ಕಿಲೋ. ಆ ಮಿತಿಯ ಒಳಗೆ ಎಲ್ಲ ತಂಡಗಳೂ ತಮ್ಮ ಗಟ್ಟಿಗರನ್ನೇ ತರುತ್ತವೆ. ಡ್ಯಾಶ್ ಹೊಡೆಯಲು ತೂಕ ಬೇಕು ಎಂಬುದು ನಿಜ. ಆದರೆ ಎದೆಯನ್ನು ಒಂದು ಗೇಣು ಹಿಂದೆ ಎಳೆದುಕೊಂಡು ಪಾದ ಊರಿ ನಿಂತ ಆ ಕವರ್ ಹುಡುಗ ತೆಳ್ಳಗಿದ್ದ.

ಮಣ್ಣು ಮತ್ತು ಮ್ಯಾಟಿನ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. “ಹಳ್ಳಿಯ ಮಣ್ಣಿನಲ್ಲಿ ಕಲಿತವರು ಮ್ಯಾಟ್ ಮೇಲೆ ಜಾರುತ್ತಾರೆ, ತಡವಾಗಿ ಏಳುತ್ತಾರೆ, ಅವರ ಟೈಮಿಂಗ್ ತಪ್ಪುತ್ತದೆ.” ಹೌದು, ತಪ್ಪುತ್ತದೆ. ಇದನ್ನು ಅಲ್ಲಗಳೆದರೆ ನಮ್ಮ ಹುಡುಗರಿಗೇ ಅನ್ಯಾಯ. ಮಂಗಳವೇಢೆ ತಾಲ್ಲೂಕಿನ ಹುಲಜಂತಿ, ಮರವಡೆ ಕಡೆಯ ಊರುಗಳನ್ನು ನೋಡಿ. ಭೂಮಿಯೆಲ್ಲ ಎರೆ. ಬೇಸಿಗೆಗೆ ಕಾಲು ಸಿಗಿಬೀಳುವಷ್ಟು ಬಿರುಕು, ಮಳೆಗೆ ಪಾದಕ್ಕೆ ಅಂಟುವ ಕೆಸರು. ಕಬಡ್ಡಿಗೆ ಅಂಕಣ ಮಾಡಬೇಕೆಂದರೆ ಬೇರೆ ಕಡೆಯ ಮಣ್ಣು ತರಿಸಿ, ಹರಳು ಆರಿಸಿ, ನೀರು ಚಿಮುಕಿಸಿ ಹದ ಮಾಡಬೇಕು. ಅಂಥ ಅಂಕಣದಲ್ಲಿ ಬರಿಗಾಲಲ್ಲಿ ಆಡಿದವನ ಕಾಲು ಹಿಡಿತವೇ ಬೇರೆ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರಿ ನಿಲ್ಲುತ್ತದೆ, ಆ ಜಾರುವಿಕೆಯನ್ನೂ ಹುಡುಗ ತನ್ನ ಲೆಕ್ಕದಲ್ಲಿ ಸೇರಿಸಿರುತ್ತಾನೆ. ಮ್ಯಾಟ್ ಮೇಲೆ ಶೂ ಹಾಕಿದ ಪಾದ ಇಟ್ಟಲ್ಲೇ ಕಚ್ಚುತ್ತದೆ, ಹೊರಳುವಾಗ ಮೊಣಕಾಲಿಗೆ ಪೆಟ್ಟು ಬೀಳುತ್ತದೆ. ಮ್ಯಾಟ್ ಮೇಲೆ ರೈಡರಿನ ತಿರುವು ಚುರುಕಾಗಿರುತ್ತದೆ, ಅದಕ್ಕೆ ತಕ್ಕಂತೆ ಕವರ್ ಬರಬೇಕಾದ ಹೊತ್ತೂ ಬದಲಾಗುತ್ತದೆ.

ಆದರೆ ಇದರಿಂದ ಹೊರಡುವ ತೀರ್ಮಾನ ಯಾವುದು? ಟೀಕೆ ಮಾಡುವವರು ಇಲ್ಲಿಂದ ನೇರ “ಹಾಗಾಗಿ ಇವರು ಬೇಡ” ಎನ್ನುವಲ್ಲಿಗೆ ಜಿಗಿಯುತ್ತಾರೆ. ಹಿಡಿತ ಗೊತ್ತಿದ್ದು ನೆಲ ಹೊಸದಾದವನಿಗೂ ಹಿಡಿತವೇ ಗೊತ್ತಿಲ್ಲದವನಿಗೂ ಇರುವ ಅಂತರ ದೊಡ್ಡದು. ಮೊದಲಿನವನಿಗೆ ಬೇಕಾದದ್ದು ಮ್ಯಾಟ್ ಮೇಲೆ ಅಭ್ಯಾಸ. ಅದನ್ನು ಕೊಡುವುದು ಕಾಲೇಜಿನ ಕೆಲಸ, ವಿಶ್ವವಿದ್ಯಾಲಯದ ಕೆಲಸ. 2004ರಲ್ಲಿ ಸೊಲ್ಲಾಪುರಕ್ಕೆ ಅದರದೇ ವಿಶ್ವವಿದ್ಯಾಲಯ ಬಂದಾಗ, ಒಂದೇ ಜಿಲ್ಲೆಯ ವಿಶ್ವವಿದ್ಯಾಲಯ ಇಷ್ಟು ಚಿಕ್ಕದೇ ಎಂದವರಿದ್ದರು. ಚಿಕ್ಕದಾಗಿರುವುದರ ಲಾಭ ಇಲ್ಲೇ ಇದೆ: ಅಕ್ಕಲಕೋಟೆಯಿಂದಲೂ ಮಂಗಳವೇಢೆಯಿಂದಲೂ ಹುಡುಗರನ್ನು ಒಂದೇ ಮ್ಯಾಟ್ ಮೇಲೆ ಸೇರಿಸುವುದು ಕಷ್ಟದ ಕೆಲಸವಲ್ಲ.

ಅಭ್ಯಾಸದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು, ಇದನ್ನು ಯಾವ ಟೀಕಾಕಾರರೂ ಎತ್ತುವುದಿಲ್ಲ. ರೈಡರ್ ಒಬ್ಬನೇ ಕಲಿಯಬಲ್ಲ. ಮನೆಯ ಅಂಗಳದಲ್ಲಿ ಗೆರೆ ಎಳೆದುಕೊಂಡು ಕಾಲು ಚಾಚುವುದನ್ನು, ಹೊರಳುವುದನ್ನು ರೂಢಿಸಿಕೊಳ್ಳಬಲ್ಲ. ಆದರೆ ಕೈ ಕೈ ಹಿಡಿದು ನಿಲ್ಲುವ ಡಿಫೆನ್ಸಿನ ಸರಪಳಿಗೆ ಎಲ್ಲರೂ ಬೇಕು, ಅದೇ ಜನ ದಿನಾ ಬೇಕು. ಕಾಲೇಜು ಪಂದ್ಯಗಳು ಬರುವ ಹೊತ್ತಿಗೇ ನಮ್ಮಲ್ಲಿ ಹಿಂಗಾರಿ ಬಿತ್ತನೆ. ಒಂದು ವಾರ ಕಾರ್ನರ್ ಹುಡುಗ ಹೊಲದಲ್ಲಿ, ಮರುವಾರ ಕವರ್ ಹುಡುಗ ಹೊಲದಲ್ಲಿ. ಬಂದವರೂ ಸಂಜೆಯ ಎಸ್.ಟಿ. ಬಸ್ಸು ತಪ್ಪೀತೆಂದು ಕತ್ತಲಾಗುವ ಮೊದಲೇ ಬ್ಯಾಗು ಹೆಗಲಿಗೇರಿಸುತ್ತಾರೆ. ಜೋಡಿ ಕೂಡದ ಸರಪಳಿ ಪಂದ್ಯದ ದಿನ ಮೊದಲ ಸಲ ಪೂರ್ತಿ ಕೈ ಹಿಡಿಯುತ್ತದೆ. ಹಾಗಿದ್ದೂ ಎದುರಾಳಿಯ ಎರಡು ರೈಡ್ ಖಾಲಿ ಕಳಿಸುವ ಹುಡುಗರನ್ನು ನಾನು ಮೆಚ್ಚುತ್ತೇನೆ, ಮುಚ್ಚುಮರೆ ಇಲ್ಲದೆ ಮೆಚ್ಚುತ್ತೇನೆ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಮಾತು ನೋವು ಕೊಡುವಂಥದ್ದು: “ಅರ್ಧ ಜನ ಕನ್ನಡ, ಅರ್ಧ ಜನ ಮರಾಠಿ. ಒಬ್ಬ ಒಂದು ಕೂಗುತ್ತಾನೆ, ಇನ್ನೊಬ್ಬನಿಗೆ ತಿಳಿಯುವುದಿಲ್ಲ.” ಅಕ್ಕಲಕೋಟೆ ಕಡೆಯ ಮೈಂದರ್ಗಿ, ದುಧನಿ, ನಾಗಣಸೂರಿನ ಹುಡುಗರಿಗೆ ಮರಾಠಿ ತಿಳಿಯದು ಎನ್ನುವವರು ಆ ಊರುಗಳಿಗೆ ಹೋಗಿಲ್ಲ. ಅದಿರಲಿ, ಸರಪಳಿಯಲ್ಲಿ ನಿಂತವರು ಬಾಯಿಂದ ಮಾತಾಡುವುದೇ ಕಡಿಮೆ. ಕೂಗಿದರೆ ರೈಡರಿಗೂ ಕೇಳಿಸುತ್ತದೆ. ಹಿಡಿದ ಕೈಯ ಬೆರಳು ಬಿಗಿಯಾದರೆ ನಿಲ್ಲು, ಕೈ ಹಿಂದಕ್ಕೆ ಜಗ್ಗಿದರೆ ಸರಿ, ಕೈ ಬಿಟ್ಟರೆ ನುಗ್ಗು. ಜೋಡಿ ಜೋಡಿಗೆ ಈ ಗುರುತು ಸ್ವಲ್ಪ ಬೇರೆ ಇರಬಹುದು, ಆದರೆ ಅದಕ್ಕೆ ಮರಾಠಿಯೂ ಬೇಡ, ಕನ್ನಡವೂ ಬೇಡ. ಮಂಗಳವೇಢೆ ಬಸವಣ್ಣ ಕರಣಿಕರಾಗಿದ್ದ ಊರು, ದಾಮಾಜಿಪಂತರ ಊರು, ಚೋಖಾಮೇಳಾ ಕೊನೆಯುಸಿರೆಳೆದ ಊರು. ಎರಡು ಭಾಷೆ ಒಂದೇ ಓಣಿಯಲ್ಲಿ ಬಾಳಿದ ಊರಿಗೆ ಭಾಷೆಯ ನೆಪದಲ್ಲಿ ದೂರು ಹೇಳಬೇಡಿ.

ಎಲ್ಲಕ್ಕಿಂತ ಹೆಚ್ಚು ಪ್ರಚಾರವಾದ ಆರೋಪ ಇದು: ಕೊನೆಯ ಗಳಿಗೆಯಲ್ಲಿ ಇವರು ಹೆದರುತ್ತಾರೆ, ಇವರಿಗೆ ಗುಂಡಿಗೆ ಇಲ್ಲ.

ಇದಕ್ಕೆ ಎರಡು ಉತ್ತರ. ಮೊದಲನೆಯದು ಸಂಖ್ಯೆಯದು. ಅಂತರ ಕಾಲೇಜು ಪಂದ್ಯ ನಾಕ್‌ಔಟ್ ಆದರೆ ಮೊದಲ ಸುತ್ತಿನಲ್ಲಿ ಸೋತ ತಂಡಕ್ಕೆ ವರ್ಷಕ್ಕೆ ಒಂದೇ ಪಂದ್ಯ. ಆ ಪಂದ್ಯದಲ್ಲಿ ಎದುರಿಸುವ ಮೂರನೇ ರೈಡುಗಳು ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲಿ ಕೊನೆಯ ಎರಡು ನಿಮಿಷದಲ್ಲಿ ಬರುವುದು ಒಂದು, ಬಹಳವಾದರೆ ಎರಡು. ಆ ಒಂದರಲ್ಲಿ ಬೆರಳ ತುದಿ ಸೋಕಿತೆಂದು ಇಡೀ ಪ್ರದೇಶದ ಹುಡುಗರ ಸ್ವಭಾವ ಹೀಗೆ ಎಂದು ತೀರ್ಪು ಕೊಡುವುದೇ? ಒಂದೇ ಮಳೆ ನೋಡಿ ವರ್ಷದ ಬೆಳೆ ಹೇಳುವವರನ್ನು ನಮ್ಮ ರೈತರು ನಂಬುವುದಿಲ್ಲ.

ಎರಡನೆಯದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಫೈನಲ್. 2023ರ ಅಕ್ಟೋಬರ್ 7, ಭಾರತ ಮತ್ತು ಇರಾನ್. ಸ್ಕೋರು 28-28, ಆಟ ಮುಗಿಯಲು ಸ್ವಲ್ಪವೇ ಹೊತ್ತು. ಭಾರತದ ಪವನ್ ಸೆಹ್ರಾವತ್ ಡು ಆರ್ ಡೈ ರೈಡಿಗೆ ಹೋದರು. ಯಾರನ್ನೂ ಮುಟ್ಟುವ ಮೊದಲೇ ಅವರ ಕಾಲು ಲಾಬಿಗೆ ಬಿತ್ತು. ಅವರ ಬೆನ್ನಿಗೇ ಇರಾನಿನ ಡಿಫೆಂಡರ್‌ಗಳೂ ಲಾಬಿಗೆ ನುಗ್ಗಿದರು. ಔಟಾದವರು ಯಾರು, ಪಾಯಿಂಟು ಯಾರಿಗೆ ಎಷ್ಟು, ಯಾವ ನಿಯಮ ನಡೆಯುತ್ತದೆ ಎಂಬುದರ ಮೇಲೆ ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಚಿನ್ನ ಗೆದ್ದಿತು. ಆ ತೀರ್ಪಿನ ಸರಿತಪ್ಪು ಇಲ್ಲಿ ನನಗೆ ಬೇಕಾಗಿಲ್ಲ. ನೋಡಬೇಕಾದದ್ದು ಆ ಡಿಫೆಂಡರ್‌ಗಳನ್ನು. ಅವರಿಗೆ ಗುಂಡಿಗೆ ಇರಲಿಲ್ಲ ಎನ್ನುವವರು ಯಾರಿದ್ದಾರೆ? 2018ರಲ್ಲಿ ಜಕಾರ್ತಾದಲ್ಲಿ ಭಾರತವನ್ನು ಸೆಮಿಫೈನಲ್‌ನಲ್ಲಿ ಸೋಲಿಸಿದ ದೇಶದ ಆಟಗಾರರು ಅವರು. ಇದ್ದಲ್ಲೇ ನಿಂತಿದ್ದರೆ ವಿವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ಬೆನ್ನಟ್ಟುವುದು ಡಿಫೆಂಡರಿನ ಮೈಗೆ ಅಂಟಿದ ಅಭ್ಯಾಸ. ಕಾಲು ತಡೆದು ನಿಲ್ಲುವುದು ಕಲಿತು ಬರಬೇಕಾದ ವಿದ್ಯೆ. ಜಗತ್ತಿನ ಶ್ರೇಷ್ಠರಿಗೇ ಕಷ್ಟವಾದ ಆ ವಿದ್ಯೆಯನ್ನು ನಮ್ಮ ಹತ್ತೊಂಬತ್ತು, ಇಪ್ಪತ್ತರ ಹುಡುಗರು ತೋರಿಸಿದಾಗ “ನೋಡ್ಕೋತ ನಿಂತೀರಿ” ಎಂದು ಬೈದರೆ ಅವರು ಮುಂದಿನ ಸಲ ನಿಲ್ಲುವುದಿಲ್ಲ. ಬೈಗುಳಕ್ಕೆ ಹೆದರಿ ನುಗ್ಗುತ್ತಾರೆ, ಪಾಯಿಂಟು ಕೊಟ್ಟು ಬರುತ್ತಾರೆ. ಆಮೇಲೆ ಅದಕ್ಕೂ ಬೈಸಿಕೊಳ್ಳುತ್ತಾರೆ.

“ಏನೇ ಹೇಳಿ, ಪಂದ್ಯ ಗೆಲ್ಲಿಸುವವನು ರೈಡರ್” ಎನ್ನುವವರು 2019ರ ಜನವರಿ 5ರ ಮುಂಬೈನ ಪ್ರೊ ಕಬಡ್ಡಿ ಫೈನಲನ್ನು ನೆನಪಿಸುತ್ತಾರೆ. ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಸೋಲಿಸಿದ ಆ ರಾತ್ರಿ ಪವನ್ ಒಬ್ಬರೇ 22 ರೈಡ್ ಪಾಯಿಂಟು ತಂದರು. ಕನ್ನಡಿಗರೆಲ್ಲರಂತೆ ನನಗೂ ಅದು ಹಬ್ಬ. ಆದರೆ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪುಣೇರಿ ಪಲ್ಟನ್ ಹರಿಯಾಣವನ್ನು ಸೋಲಿಸಿ ಮೊದಲ ಸಲ ಕಪ್ ಎತ್ತಿದ್ದು 28-25ರಿಂದ. ಎದುರಾಳಿಯನ್ನು 25ಕ್ಕೆ ಕಟ್ಟಿಹಾಕಿದ್ದಕ್ಕೇ 28 ಸಾಕಾಯಿತು. ಆಗ ಆ ತಂಡದ ಕೋಚ್ ಆಗಿದ್ದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಎರಡೂ ಬಗೆಯ ಗೆಲುವು ಕಬಡ್ಡಿಯಲ್ಲಿದೆ. ಪವನ್‌ರಂಥ ರೈಡರ್ ಪ್ರತಿ ತಾಲ್ಲೂಕಿಗೂ ಹುಟ್ಟುವುದಿಲ್ಲ, ಒಳ್ಳೆಯ ಸರಪಳಿಯನ್ನು ಮಾತ್ರ ಪ್ರತಿ ತಾಲ್ಲೂಕಿನಲ್ಲೂ ಕಟ್ಟಬಹುದು.

(ಹುಡುಗಿಯರ ತಂಡಗಳ ಡಿಫೆನ್ಸ್ ಬಗ್ಗೆ ಟೀಕೆಯೂ ಇಲ್ಲ, ಮೆಚ್ಚುಗೆಯೂ ಇಲ್ಲ. ಯಾರೂ ಕೂತು ನೋಡುವುದೇ ಇಲ್ಲ. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ 2010ರಲ್ಲೂ 2014ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ತಂದ ಆಟ ಇದು. ಅಕ್ಕಲಕೋಟೆ ಕಡೆಯ ಹುಡುಗಿಯರಿಗೆ ಬೈಯಲಿಕ್ಕಾದರೂ ಯಾರಾದರೂ ಬಂದು ಪಂದ್ಯ ನೋಡಲಿ.)

ಟೀಕಾಕಾರರು ಸರಿ ಇರುವ ಒಂದು ಜಾಗ ಇದೆ, ಅದನ್ನು ಮರೆಮಾಚಲಾರೆ. ಆರೇಳು ಜನ ಅಂಕಣದಲ್ಲಿದ್ದು ಬೋನಸ್ ತೆರೆದಿರುವಾಗ ಮೂರನೇ ರೈಡಿನ ರೈಡರ್ ಯಾರನ್ನೂ ಮುಟ್ಟದೆಯೇ ಪಾರಾಗಬಲ್ಲ. ಬೋನಸ್ ಲೈನಿನ ಆಚೆ ಒಂದು ಪಾದ ಊರಿ ಇನ್ನೊಂದನ್ನು ಗಾಳಿಯಲ್ಲಿ ಎತ್ತಿದರೆ ಸಾಕು. ಆ ಗೆರೆಯ ಹಿಂದೆ ಡಿಫೆನ್ಸಿಗೆ ಇರುವುದು 1.75 ಮೀಟರ್ ಜಾಗ ಮಾತ್ರ. ಅಲ್ಲಿ ಬರೀ ಕಾಯುತ್ತ ನಿಂತರೆ ಬೋನಸ್ ಹೋಗುತ್ತದೆ, ಮೂಲೆಯವನು ಮುಂದೆ ಬಂದು ಗೆರೆ ಕಾಯಬೇಕು. ನಮ್ಮ ಹುಡುಗರು ಇಲ್ಲಿ ಸಡಿಲ. ಐವರಿದ್ದಾಗ ತೋರಿಸುವ ಅದೇ ತಾಳ್ಮೆಯನ್ನು ಏಳು ಜನರಿದ್ದಾಗಲೂ ತೋರಿಸಿ ಬೋನಸ್ ಕೊಟ್ಟು ಕಳಿಸುತ್ತಾರೆ. ಇದನ್ನು ತಿದ್ದಬೇಕು, ತಿದ್ದಲು ಬರುತ್ತದೆ. ಆದರೆ ಇದು ಕಣ್ಣಿಗೆ ಬೀಳಬೇಕಾದರೆ ಏಳು ಜನರ ರೈಡ್, ಐದು ಜನರ ರೈಡ್, ಮೂರು ಜನರ ರೈಡ್ ಎಂದು ಬೇರೆ ಬೇರೆ ಬರೆದಿಡಬೇಕು. ಬರೆಯದಿದ್ದರೆ ಎಲ್ಲ ಸೇರಿ “ಹಿಡಿಯಲಿಕ್ಕೆ ಬರುವುದಿಲ್ಲ” ಎಂಬ ಒಂದೇ ಮಾತಾಗುತ್ತದೆ, ತಿದ್ದಬೇಕಾದ ತಪ್ಪು ಹಾಗೇ ಉಳಿಯುತ್ತದೆ.

“ನಿಮ್ಮ ಹುಡುಗರೆಂದು ವಕಾಲತ್ತು ವಹಿಸುತ್ತೀರಿ” ಎಂಬುದು ಕೊನೆಯ ಮಾತು. ನಮ್ಮ ಹುಡುಗರೇ, ಹೌದು. ಅದಕ್ಕಾಗಿ ನನ್ನ ಕಣ್ಣನ್ನು ನಂಬಬೇಡಿ, ಪರೀಕ್ಷೆ ಮಾಡಿ. ಈಗಿನ ಟ್ರಯಲ್ಸ್ ಹೇಗೆ ನಡೆಯುತ್ತದೆ? ಒಬ್ಬರನ್ನೊಬ್ಬರು ನೋಡಿರದ ಏಳು ಜನರನ್ನು ನಿಲ್ಲಿಸುತ್ತಾರೆ, ರೈಡರ್‌ಗಳನ್ನು ಸಾಲಾಗಿ ಬಿಡುತ್ತಾರೆ, ಯಾರು ಕಾಲು ಹಿಡಿದನೋ ಅವನ ಹೆಸರು ಬರೆದುಕೊಳ್ಳುತ್ತಾರೆ. ಅಂಥ ಟ್ರಯಲ್ಸಿನಲ್ಲಿ ಕವರ್ ಆಟಗಾರನಿಗೆ ಹೆಸರು ಬರುವ ದಾರಿಯೇ ಇಲ್ಲ. ಇದರ ಬದಲು ಒಂದು ಕಾಲೇಜಿನ ಜೋಡಿಗಳನ್ನು ಒಡೆಯದೆ ಒಟ್ಟಿಗೆ ಇಳಿಸಿ. ರೈಡರಿಗೆ ಇದು ಮೂರನೇ ರೈಡ್ ಎಂದು ಹೇಳಿ, ಗಡಿಯಾರ ಹಚ್ಚಿ. ಮೊದಲು ಏಳು ಜನರ ಎದುರು, ಆಮೇಲೆ ಐವರ ಎದುರು, ಆಮೇಲೆ ಮೂವರ ಎದುರು. ಒಂದೊಂದಕ್ಕೂ ಬರೆದುಕೊಳ್ಳಿ: ರೈಡರಿಗೆ ಪಾಯಿಂಟು ಸಿಕ್ಕಿತೇ, ಮೊದಲು ತಡೆದವರು ಯಾರು, ಎರಡನೆಯವರು ಎಷ್ಟು ಬೇಗ ಬಂದರು, ಸಮಯ ಮುಗಿದು ಔಟಾದರೆ ದಾರಿ ಮುಚ್ಚಿದವರು ಯಾರು. ಒಬ್ಬ ವಿದ್ಯಾರ್ಥಿ ವಹಿ ಹಿಡಿದು ಕೂತರೆ ಆಗುವ ಕೆಲಸ. ಪಶ್ಚಿಮ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಮುಂದಿನ ಸಲ ಹನ್ನೆರಡು ಜನರ ಹೆಸರು ಬರೆಯುವ ಮೊದಲು ಇಷ್ಟು ಮಾಡಿ. ಆ ವಹಿಯಲ್ಲಿ ಮಂಗಳವೇಢೆಯ ಹುಡುಗರು ಹಿಂದೆ ಬಿದ್ದರೆ ಅವರನ್ನು ಕೈಬಿಡಿ, ನಾನು ಆ ಪಟ್ಟಿಗೆ ಎದುರಾಡುವುದಿಲ್ಲ.